ಅಲ್ ಕೂಜ್‌ನ ಮೆಸ್ ಲೆಕ್ಕ

ದುಬೈಯ ಶೇಖ್ ಝಾಯೆದ್ ರಸ್ತೆ ಮತ್ತು ಅಲ್ ಖೈಲ್ ರಸ್ತೆಗಳ ನಡುವೆ ಹರಡಿಕೊಂಡಿರುವ ಅಲ್ ಕೂಜ್ ಪ್ರದೇಶವನ್ನು ನಾಲ್ಕು ವಸತಿ ವಿಭಾಗಗಳಾಗಿಯೂ ನಾಲ್ಕು ಕೈಗಾರಿಕಾ ವಿಭಾಗಗಳಾಗಿಯೂ ವಿಂಗಡಿಸಲಾಗಿದೆ. ಗೋದಾಮುಗಳನ್ನೇ ಕಲಾ ಗ್ಯಾಲರಿಗಳನ್ನಾಗಿ ಮಾರ್ಪಡಿಸಿದ ಅಲ್‌ಸರ್ಕಾಲ್ ಅವೆನ್ಯೂವಿನ ಕಾರಣದಿಂದ ಪ್ರವಾಸಿಗರಿಗೆ ಈ ಹೆಸರು ಇತ್ತೀಚೆಗೆ ಪರಿಚಿತವಾಗಿದೆಯಾದರೂ, ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ಮನೆಗಳಲ್ಲಿ ಅಲ್ ಕೂಜ್ ಎಂದರೆ ಮೊದಲು ನೆನಪಾಗುವುದು ಗ್ಯಾರೇಜು, ಗೋದಾಮು, ಪ್ರಿಂಟಿಂಗ್ ಪ್ರೆಸ್ಸು ಮತ್ತು ಕಾರ್ಮಿಕರು ತಂಗುವ ಕ್ಯಾಂಪುಗಳು. ಕೇರಳ, ತೆಲಂಗಾಣ, ಬಿಹಾರಗಳಿಂದಲೂ ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದಲೂ ಬಂದವರ ನಡುವೆ ಹಂಚಿಹೋಗಿರುವ ಇಲ್ಲಿನ ಕನ್ನಡ, ತುಳು, ಬ್ಯಾರಿ ಮತ್ತು ನವಾಯತಿ ಮಾತಿನ ಜನ ಇಂಧನ ಮತ್ತು ದಿನಸಿಗಳ ಬೆಲೆಯೇರಿಕೆಯನ್ನು ತಾಳಿಕೊಳ್ಳುವ ಬಗೆ ಕರ್ನಾಟಕದ ಪಟ್ಟಣವೊಂದರ ಸಂಬಳದಾರರ ಬಗೆಗಿಂತ ಭಿನ್ನವಾದುದು. ಬೆಲೆಯೇರಿಕೆಗೆ ತಕ್ಕಂತೆ ಏರುವ ತುಟ್ಟಿಭತ್ಯೆ ಎಂಬುದು ಇಲ್ಲಿಲ್ಲ, ವಿದೇಶಿ ಕಾರ್ಮಿಕರಿಗೆ ಕನಿಷ್ಠ ವೇತನ ನಿಗದಿಯಾಗಿಲ್ಲ, ಕಾರ್ಮಿಕ ಸಂಘಟನೆಗೂ ಮುಷ್ಕರಕ್ಕೂ ಅವಕಾಶವಿಲ್ಲ. ಊರಿಗೆ ಕಳುಹಿಸುವ ಹಣವನ್ನಂತೂ ಕಡಿಮೆ ಮಾಡುವಂತಿಲ್ಲ. ಹೀಗೆ ಒಂದು ಕಡೆ ಏರದ ಸಂಬಳ, ಇನ್ನೊಂದು ಕಡೆ ಇಳಿಸಲಾಗದ ರವಾನೆ, ಇವೆರಡರ ನಡುವೆ ಕಾರ್ಮಿಕನ ಕೈಯಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಲು ಉಳಿಯುವುದು ಅವನ ಊಟ, ಅವನ ನಿದ್ದೆಯ ಜಾಗ ಮತ್ತು ಅವನು ರಜೆಯ ಮೇಲೆ ಊರಿಗೆ ಹೋಗುವ ದಿನ, ಇಷ್ಟೇ.

ತೈಲದ ನಾಡಿನಲ್ಲಿ ಪೆಟ್ರೋಲು ದುಬಾರಿಯಾಗುವುದು ಹೇಗೆ ಎಂಬ ಪ್ರಶ್ನೆ ಸಹಜವಾದುದು. ಸಂಯುಕ್ತ ಅರಬ್ ಎಮಿರೇಟ್ಸ್ 2015ರ ಆಗಸ್ಟ್ 1ರಿಂದ ಇಂಧನದ ಮೇಲಿನ ಸಹಾಯಧನವನ್ನು ಕೈಬಿಟ್ಟು, ಅಂತರರಾಷ್ಟ್ರೀಯ ಮಾರುಕಟ್ಟೆಯ ಸರಾಸರಿ ದರಕ್ಕೆ ವಿತರಣೆಯ ವೆಚ್ಚವನ್ನು ಸೇರಿಸಿ ಪ್ರತಿ ತಿಂಗಳೂ ಹೊಸ ಬೆಲೆಯನ್ನು ಪ್ರಕಟಿಸುವ ಪದ್ಧತಿಗೆ ಬದಲಾಯಿತು. ಇದಕ್ಕಾಗಿ ನೇಮಕವಾದ ಸಮಿತಿ ತಿಂಗಳ ಕೊನೆಯಲ್ಲಿ ಮುಂದಿನ ತಿಂಗಳ ದರವನ್ನು ಘೋಷಿಸುತ್ತದೆ. ಅಲ್ಲಿಯವರೆಗೆ ಲೀಟರಿಗೆ 1.72 ದಿರ್ಹಮ್ ಇದ್ದ ಸ್ಪೆಷಲ್ 95 ಎಂಬ ಸಾಮಾನ್ಯ ಪೆಟ್ರೋಲು ಆ ದಿನ 2.14 ದಿರ್ಹಮ್‌ಗೆ ಏರಿದರೆ, ಡೀಸೆಲ್ 2.90ರಿಂದ 2.05ಕ್ಕೆ ಇಳಿಯಿತು. ಲಾರಿ, ಕಾರ್ಮಿಕರ ಬಸ್ಸು ಮತ್ತು ಜನರೇಟರ್‌ಗಳನ್ನು ನಂಬಿರುವ ಅಲ್ ಕೂಜ್‌ಗೆ ಆರಂಭದಲ್ಲಿ ಇದು ಅನುಕೂಲವೇ ಆಗಿತ್ತು ಎಂಬುದನ್ನು ಮರೆಯಬಾರದು. ಕೋವಿಡ್ ಕಾಲದಲ್ಲಿ ಬೆಲೆಗಳನ್ನು ಹಲವು ತಿಂಗಳು ಬದಲಾಯಿಸದೆ ಹಿಡಿದಿಡಲಾಗಿತ್ತು. ನಿಜವಾದ ಪೆಟ್ಟು ಬಿದ್ದದ್ದು ಉಕ್ರೇನ್ ಯುದ್ಧ ಆರಂಭವಾದ 2022ರಲ್ಲಿ: ಆ ವರ್ಷದ ಜನವರಿಯಲ್ಲಿ 2.53 ದಿರ್ಹಮ್ ಇದ್ದ ಸ್ಪೆಷಲ್ 95 ಜುಲೈ ವೇಳೆಗೆ 4.52ಕ್ಕೂ, 2.56 ಇದ್ದ ಡೀಸೆಲ್ 4.76ಕ್ಕೂ ತಲುಪಿದವು. ಅಂದಿನ ವಿನಿಮಯ ದರದಲ್ಲಿ 4.52 ದಿರ್ಹಮ್ ಎಂದರೆ ಸುಮಾರು 97 ರೂಪಾಯಿ. ಅದೇ ತಿಂಗಳು ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲಿಗೆ 102 ರೂಪಾಯಿಯಷ್ಟಿತ್ತು. ಗಲ್ಫ್‌ನಲ್ಲಿ ನೀರಿಗಿಂತ ಪೆಟ್ರೋಲು ಅಗ್ಗ ಎಂದು ಊರಿನಲ್ಲಿ ಇಂದಿಗೂ ಕೇಳಿಬರುವ ಮಾತಿಗೆ ಆ ವರ್ಷದ ನಂತರ ಅರ್ಥವಿಲ್ಲ.

ಕ್ಯಾಂಪಿನಲ್ಲಿರುವ ಕಾರ್ಮಿಕನಿಗೆ ಸ್ವಂತ ವಾಹನವಿಲ್ಲದ ಕಾರಣ ಪಂಪಿನ ದರ ನೇರವಾಗಿ ತಟ್ಟುವುದಿಲ್ಲ. ಕಂಪನಿಯ ಬಸ್ಸು ಬೆಳಗಿನ ಜಾವ ಬಂದು ಕರೆದೊಯ್ಯುತ್ತದೆ. ಡೀಸೆಲ್ ಖರ್ಚು ಗುತ್ತಿಗೆದಾರನದು. ಆದರೆ ಹಳೆಯ ದರದಲ್ಲಿ ಒಪ್ಪಿಕೊಂಡ ಗುತ್ತಿಗೆಯ ಲಾಭಾಂಶ ಕರಗಿದಾಗ ಗುತ್ತಿಗೆದಾರ ಕೈಹಾಕುವ ಮೊದಲ ಜಾಗ ಓವರ್‌ಟೈಮ್. ಮೂಲ ವೇತನ ಕಡಿಮೆಯಿರುವವರಿಗೆ ಓವರ್‌ಟೈಮ್ ಎಂಬುದು ಹೆಚ್ಚುವರಿ ಆದಾಯವಲ್ಲ, ಮನೆಗೆ ಕಳುಹಿಸುವ ಹಣದ ಒಂದು ಭಾಗವೇ ಆಗಿರುತ್ತದೆ. ಹಾಗಾಗಿ ಡೀಸೆಲ್ ಬೆಲೆ ಕ್ಯಾಂಪನ್ನು ಒಂದೆರಡು ತಿಂಗಳು ತಡವಾಗಿ, ಬೇರೆ ಹೆಸರಿನಲ್ಲಿ ಬಂದು ಮುಟ್ಟುತ್ತದೆ.

ನೇರವಾಗಿ ತಟ್ಟಿದ್ದು ಬೈಕಿನಲ್ಲಿ ಊಟ ತಲುಪಿಸುವ ಡೆಲಿವರಿ ಹುಡುಗರಿಗೆ. ಇವರಲ್ಲಿ ಬಹುಪಾಲು ಜನ ಆ್ಯಪ್ ಕಂಪನಿಯ ನೇರ ನೌಕರರಲ್ಲ. ಮಧ್ಯವರ್ತಿ ಸಂಸ್ಥೆಯ ವೀಸಾದಲ್ಲಿದ್ದು, ಒಂದೊಂದು ಆರ್ಡರಿಗೆ ಇಷ್ಟು ಎಂದು ಹಣ ಪಡೆದು, ಪೆಟ್ರೋಲಿನ ಖರ್ಚನ್ನು ಹಲವು ಸಲ ತಾವೇ ಭರಿಸುವವರು. ದಿನಕ್ಕೆ ಐದು ಲೀಟರಿನಂತೆ ತಿಂಗಳಿಗೆ 26 ದಿನ ದುಡಿಯುವ ಒಬ್ಬ ಸವಾರನನ್ನು ಉದಾಹರಣೆಗೆ ಇಟ್ಟುಕೊಂಡರೆ, 2022ರ ಜನವರಿಯಲ್ಲಿ ಅವನ ಪೆಟ್ರೋಲು ಖರ್ಚು ಸುಮಾರು 329 ದಿರ್ಹಮ್, ಜುಲೈಯಲ್ಲಿ 588 ದಿರ್ಹಮ್. ವ್ಯತ್ಯಾಸ ಹತ್ತಿರಹತ್ತಿರ 260 ದಿರ್ಹಮ್, ಎಂದರೆ ಊರಿನ ಲೆಕ್ಕದಲ್ಲಿ ಸುಮಾರು 5,600 ರೂಪಾಯಿ. ಇಂಥ ಲೆಕ್ಕ ಬಿಗಿಯಾಗುತ್ತಿದ್ದ 2022ರ ಮೇ ತಿಂಗಳ ಆರಂಭದಲ್ಲಿಯೇ, ಪ್ರತಿ ಆರ್ಡರಿನ ಹಣವನ್ನು 10.25ರಿಂದ 8.75 ದಿರ್ಹಮ್‌ಗೆ ಇಳಿಸುವ ಡೆಲಿವರೂ ಸಂಸ್ಥೆಯ ಯೋಜನೆಯ ವಿರುದ್ಧ ಸವಾರರು ಕೆಲಸ ನಿಲ್ಲಿಸಿದರು. ಸಂಸ್ಥೆ ಯೋಜನೆಯನ್ನು ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ತಲಬಾತ್ ಎಂಬ ಇನ್ನೊಂದು ಡೆಲಿವರಿ ಸಂಸ್ಥೆಯ ಸವಾರರೂ ದರ ಹೆಚ್ಚಿಸುವಂತೆ ಒತ್ತಾಯಿಸಿ ಅದೇ ದಾರಿ ಹಿಡಿದರು. ಮುಷ್ಕರಕ್ಕೆ ಕಾನೂನಿನ ರಕ್ಷಣೆಯಿಲ್ಲದ, ಕೆಲಸ ಹೋದರೆ ವೀಸಾವೂ ಹೋಗುವ ನಾಡಿನಲ್ಲಿ ಇದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ದೂರದಿಂದ ಅಂದಾಜು ಮಾಡುವುದು ಕಷ್ಟ.

ಇಂಧನದ ಮಾತು ಇಷ್ಟು. ಅದಕ್ಕಿಂತ ಆಳವಾದ ಕಥೆ ಅಡುಗೆಮನೆಯದು. ಎಮಿರೇಟ್ಸ್ ತನ್ನ ಆಹಾರದ ಬಹುದೊಡ್ಡ ಭಾಗವನ್ನು ಆಮದು ಮಾಡಿಕೊಳ್ಳುತ್ತದೆ, ಮತ್ತು ಕರ್ನಾಟಕದವರ ತಟ್ಟೆಗೆ ಬರುವ ಅಕ್ಕಿ, ಬೇಳೆ, ಈರುಳ್ಳಿ, ಹುಣಸೆ, ಮೆಣಸಿನಕಾಯಿಗಳಲ್ಲಿ ಹೆಚ್ಚಿನವು ಭಾರತದಿಂದಲೇ ಬರುತ್ತವೆ. ಆದ್ದರಿಂದ ದೆಹಲಿಯಲ್ಲಿ ಸಹಿಯಾಗುವ ಒಂದು ಆದೇಶ ಅಲ್ ಕೂಜ್‌ನ ಗ್ರೋಸರಿಯ ಬೆಲೆಯನ್ನು ಬದಲಾಯಿಸುತ್ತದೆ. ಗ್ರೋಸರಿ ಎಂದರೆ ಗಲ್ಫ್ ಕನ್ನಡಿಗರ ಮಾತಿನಲ್ಲಿ ಮೂಲೆಯ ಚಿಕ್ಕ ದಿನಸಿ ಅಂಗಡಿ, ಮತ್ತು ಅದನ್ನು ನಡೆಸುವವರು ಹಲವು ಕಡೆ ಮಲಬಾರಿನವರು ಅಥವಾ ಕರಾವಳಿಯವರೇ. ಭಾರತ 2022ರ ಮೇ 13ರಂದು ಗೋಧಿಯ ರಫ್ತನ್ನು ನಿಷೇಧಿಸಿತು. 2023ರ ಜುಲೈ 20ರಂದು ಬಾಸ್ಮತಿಯೇತರ ಬೆಳ್ತಿಗೆ ಅಕ್ಕಿಯ ರಫ್ತು ನಿಂತಿತು. ಅದರ ಬೆನ್ನಿಗೇ ಎಮಿರೇಟ್ಸ್ ಸರ್ಕಾರ ತನ್ನಲ್ಲಿದ್ದ ಭಾರತೀಯ ಅಕ್ಕಿ ಹೊರಗೆ ಮರುರಫ್ತಾಗುವುದನ್ನು ನಾಲ್ಕು ತಿಂಗಳು ತಡೆಹಿಡಿಯಿತು. ಆಗಸ್ಟ್ ಕೊನೆಯಲ್ಲಿ ಕುಚ್ಚಲಕ್ಕಿಯ ಮೇಲೆ ಶೇ. 20ರ ರಫ್ತು ಸುಂಕ ಬಿತ್ತು, ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತೇ ನಿಷೇಧವಾಗಿ 2024ರ ಮೇ ತಿಂಗಳವರೆಗೆ ಮುಂದುವರಿಯಿತು. ಅಕ್ಕಿಯ ಮೇಲಿನ ನಿರ್ಬಂಧಗಳು ತೆರವಾದದ್ದು 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ.

ಈ ನಿರ್ಧಾರಗಳ ಉದ್ದೇಶ ದೇಶದೊಳಗಿನ ಬೆಲೆಯನ್ನು ಹತೋಟಿಯಲ್ಲಿಡುವುದಾಗಿತ್ತು, ಅದನ್ನು ತಪ್ಪೆನ್ನಲಾಗದು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಂಟ್ವಾಳದ ಅಥವಾ ಭಟ್ಕಳದ ಒಂದು ಮನೆಯ ಅಡುಗೆಮನೆಗೆ ಅಕ್ಕಿ ಸ್ವಲ್ಪ ಅಗ್ಗವಾಗಿ ಸಿಗಲೆಂದು ಹಾಕಿದ ಸುಂಕವನ್ನು ಅದೇ ಮನೆಯ ದುಡಿಯುವ ಮಗ ಅಲ್ ಕೂಜ್‌ನಲ್ಲಿ ತೆತ್ತ. ಅಂಥ ಕುಟುಂಬಕ್ಕೆ ಎರಡು ಅಡುಗೆಮನೆಗಳಿವೆ, ಒಂದೇ ಸಂಬಳವಿದೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಒಂದೇ ಅಡುಗೆಮನೆ ಕಾಣಿಸುತ್ತದೆ. 2023ರ ಆಗಸ್ಟಿನಿಂದ ಕರ್ನಾಟಕ ಸರ್ಕಾರ ಮನೆಯೊಡತಿಗೆ ಕೊಡತೊಡಗಿದ ಗೃಹಲಕ್ಷ್ಮಿಯ 2,000 ರೂಪಾಯಿ ಅಂದಿನ ದರದಲ್ಲಿ 89 ದಿರ್ಹಮ್‌ಗೆ ಸಮ. ಗಲ್ಫ್‌ನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವವನ ಹೆಂಡತಿಗೂ ಅದು ಬಂದರೆ, ದೂರದ ಆ ಒಂದು ಸಂಬಳದ ಮೇಲಿನ ಭಾರ ಅಷ್ಟರ ಮಟ್ಟಿಗೆ ಇಳಿಯುತ್ತದೆ ಎಂಬುದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು.

ಎಮಿರೇಟ್ಸ್ ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. ಅಡುಗೆ ಎಣ್ಣೆ, ಮೊಟ್ಟೆ, ಹಾಲಿನ ಉತ್ಪನ್ನ, ಅಕ್ಕಿ, ಸಕ್ಕರೆ, ಕೋಳಿಮಾಂಸ, ಬೇಳೆಕಾಳು, ಬ್ರೆಡ್ ಮತ್ತು ಗೋಧಿ ಎಂಬ ಒಂಬತ್ತು ಮೂಲವಸ್ತುಗಳ ಬೆಲೆಯನ್ನು ಆರ್ಥಿಕ ಸಚಿವಾಲಯದ ಒಪ್ಪಿಗೆಯಿಲ್ಲದೆ ಏರಿಸುವಂತಿಲ್ಲ. ಒಪ್ಪಿಗೆ ಸಿಕ್ಕಿದರೆ ಏರುತ್ತದೆ: 2023ರ ಮಾರ್ಚ್‌ನಲ್ಲಿ ಮೊಟ್ಟೆ ಮತ್ತು ಕೋಳಿಯ ಬೆಲೆಯನ್ನು ಶೇ. 13ರವರೆಗೆ ತಾತ್ಕಾಲಿಕವಾಗಿ ಹೆಚ್ಚಿಸಲು ಅನುಮತಿ ನೀಡಲಾಯಿತು. ಬ್ಯಾಚಲರ್ ರೂಮುಗಳ ಮಾಂಸಾಹಾರದಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವವು ಆ ಎರಡೇ.

ಇವೆಲ್ಲವನ್ನೂ ತಡೆದುಕೊಳ್ಳುವ ವ್ಯವಸ್ಥೆಯ ಹೆಸರು ಮೆಸ್. ಒಂದು ರೂಮಿನವರೋ ಅಕ್ಕಪಕ್ಕದ ಎರಡು ಮೂರು ರೂಮಿನವರೋ ಸೇರಿ ಒಟ್ಟಾಗಿ ಅಡುಗೆ ಮಾಡಿಕೊಂಡು ತಿಂಗಳ ಕೊನೆಯಲ್ಲಿ ಖರ್ಚು ಹಂಚಿಕೊಳ್ಳುವ ಏರ್ಪಾಡು ಇದು. ಊಟವನ್ನು ಕಂಪನಿಯೇ ಕೊಡುವ ಕ್ಯಾಂಪುಗಳಲ್ಲಿ ಇದಕ್ಕೆ ಜಾಗವಿಲ್ಲ. ಊಟದ ಬದಲು ಸಂಬಳದಲ್ಲಿ ಫುಡ್ ಅಲೋವೆನ್ಸ್ ಸೇರಿಸಿ ಕೊಡುವಲ್ಲಿ, ಚಿಕ್ಕ ಗ್ಯಾರೇಜು ಮತ್ತು ಅಂಗಡಿಗಳವರ ರೂಮುಗಳಲ್ಲಿ ಇದೇ ಜೀವಾಳ. ಲೆಕ್ಕ ಬರೆಯಲು ಒಬ್ಬನಿರುತ್ತಾನೆ, ಸಾಮಾನ್ಯವಾಗಿ ಎಲ್ಲರ ನಂಬಿಕೆಗೆ ಪಾತ್ರನಾದ ಹಳಬ. ಅಡುಗೆ ಪಾಳಿಯ ಮೇಲೆ ನಡೆಯುತ್ತದೆ, ಇಲ್ಲವೇ ಕೈರುಚಿಯಿದ್ದವನೊಬ್ಬನಿಗೆ ಅಡುಗೆಯನ್ನು ವಹಿಸಿ ಅವನ ಪಾಲಿನ ಹಣವನ್ನು ಬಿಟ್ಟುಕೊಡಲಾಗುತ್ತದೆ. ತಿಂಗಳ ಒಟ್ಟು ಖರ್ಚನ್ನು ತಲೆಗಳಿಂದಲ್ಲ, ಉಂಡ ದಿನಗಳಿಂದ ಭಾಗಿಸುವುದು ಇದರ ನ್ಯಾಯ. ಹನ್ನೆರಡು ಜನರ ಒಂದು ಮೆಸ್ಸಿನ ಒಟ್ಟು ಖರ್ಚು 3,300 ದಿರ್ಹಮ್, ಎಲ್ಲರೂ ಉಂಡ ದಿನಗಳ ಮೊತ್ತ 330 ಎಂದಿಟ್ಟುಕೊಂಡರೆ, ದಿನಕ್ಕೆ ಹತ್ತು ದಿರ್ಹಮ್ ಬೀಳುತ್ತದೆ. ರಾತ್ರಿ ಪಾಳಿಯ ಕಾರಣಕ್ಕೋ ಊರಿಗೆ ಹೋದ ಕಾರಣಕ್ಕೋ ಇಪ್ಪತ್ತೇ ದಿನ ಉಂಡವನು 200 ದಿರ್ಹಮ್ ಕೊಟ್ಟರೆ ಸಾಕು. ಹೊಸದಾಗಿ ಬಂದು ಮೊದಲ ಸಂಬಳ ಕೈಗೆ ಸಿಗದವನ ಪಾಲನ್ನು ಮುಂದಿನ ತಿಂಗಳಿಗೆ ಬರೆದಿಡುವ ರೂಢಿಯೂ ಇದೆ.

ಬೆಲೆ ಏರಿದಾಗ ಮೆಸ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಖರೀದಿಯ ಜಾಗವನ್ನು ಬದಲಾಯಿಸುವುದು. ಹತ್ತಿರದ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವುದನ್ನು ಬಿಟ್ಟು, ರಜೆಯ ದಿನ ಪರಿಚಯದವನ ಪಿಕಪ್ಪಿನಲ್ಲಿ ಇಬ್ಬರು ರಾಸ್ ಅಲ್ ಖೋರ್‌ನ ಅವೀರ್ ತರಕಾರಿ ಮಾರುಕಟ್ಟೆಗೆ ಹೋಗಿ ಈರುಳ್ಳಿ, ಆಲೂಗಡ್ಡೆಗಳನ್ನು ಮೂಟೆಯಲ್ಲಿ, ಟೊಮೇಟೊವನ್ನು ಪೆಟ್ಟಿಗೆಯಲ್ಲಿ ತಂದು ಎರಡು ಮೂರು ಮೆಸ್ಸುಗಳ ನಡುವೆ ಹಂಚಿಕೊಳ್ಳುತ್ತಾರೆ. ಹೋಗಿಬರುವ ಪೆಟ್ರೋಲನ್ನೂ ಆ ಲೆಕ್ಕಕ್ಕೇ ಸೇರಿಸಲಾಗುತ್ತದೆ. ಮೀನಿಗಾದರೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್. ಎರಡನೆಯದು ತಟ್ಟೆಯನ್ನು ಮೆಲ್ಲಗೆ ಬದಲಾಯಿಸುವುದು. ಮೊದಲು ಹೋಗುವುದು ಕುರಿಮಾಂಸ, ಅದು ಹಬ್ಬಕ್ಕೆ ಸೀಮಿತವಾಗುತ್ತದೆ. ಆಮೇಲೆ ಅಂಜಲಿನ ಜಾಗಕ್ಕೆ ಬಂಗುಡೆ, ಬಂಗುಡೆಯ ಜಾಗಕ್ಕೆ ಒಮಾನಿನ ಬೂತಾಯಿ ಬರುತ್ತವೆ. ವಾರದಲ್ಲಿ ಮೂರು ದಿನ ಇದ್ದ ಕೋಳಿ ಎರಡು ದಿನಕ್ಕೆ ಇಳಿಯುತ್ತದೆ, ಹಾಗೆ ಖಾಲಿಯಾದ ದಿನಕ್ಕೆ ಹುರುಳಿ ಸಾರೋ ಮೊಟ್ಟೆ ಗಸಿಯೋ ತುಂಬುತ್ತದೆ. ತೆಂಗಿನಕಾಯಿ ದುಬಾರಿಯಾದಾಗ ಗಸಿ ತೆಳುವಾಗುತ್ತದೆ. ಅನ್ನವನ್ನು ಮಾತ್ರ ಯಾರೂ ಅಳೆದು ಬಡಿಸುವುದಿಲ್ಲ. ಬಿಸಿಲಿನಲ್ಲಿ ಮೈಮುರಿದು ದುಡಿದು ಬಂದವನ ಹಸಿವಿಗೆ ಮೆಸ್ಸಿನಲ್ಲಿ ಮಿತಿ ಹಾಕಬಾರದೆಂಬುದು ಬರೆಯದ ಕಟ್ಟಳೆ. ರಾತ್ರಿಗೆ ಅಕ್ಕಿಯ ಬದಲು ಖುಬ್ಬೂಸ್ ಎಂಬ ಅರಬ್ ರೊಟ್ಟಿಯ ಪೊಟ್ಟಣ ಬಂದರೆ ಅದು ತಿಂಗಳ ಕೊನೆಯ ವಾರ ಎಂದು ತಿಳಿಯಬಹುದು.

ಹೊಟ್ಟೆ ತುಂಬುವುದಕ್ಕೂ ಪೋಷಣೆ ಸಿಗುವುದಕ್ಕೂ ಇರುವ ಅಂತರ ಇಂಥ ಹೊಂದಾಣಿಕೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಇದರ ಅಪಾಯ. ಅನ್ನದ ಪ್ರಮಾಣ ಹಾಗೆಯೇ ಉಳಿದು ಮೀನು, ಮಾಂಸ, ಹಣ್ಣು, ತರಕಾರಿಗಳು ಕಡಿಮೆಯಾದ ಊಟವನ್ನು ವರ್ಷಗಟ್ಟಲೆ ಉಣ್ಣುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸಾಧ್ಯತೆ ಹೆಚ್ಚು. ಗಲ್ಫ್‌ನಿಂದ ನಲವತ್ತೈದು ಐವತ್ತರ ವಯಸ್ಸಿನಲ್ಲಿ ಔಷಧಿಯ ಚೀಟಿ ಹಿಡಿದು ಮರಳುವವರನ್ನು ಕರಾವಳಿಯ ಪ್ರತಿಯೊಂದು ಊರೂ ಬಲ್ಲದು. ಉಳಿತಾಯದ ಲೆಕ್ಕಪುಸ್ತಕದಲ್ಲಿ ಈ ಖರ್ಚಿಗೆ ಅಂಕಣವೇ ಇಲ್ಲ.

ಬೆಲೆಯೇರಿಕೆಯ ನೋವನ್ನು ಮರೆಮಾಚುವ ಇನ್ನೊಂದು ಸಂಗತಿ ರೂಪಾಯಿಯ ಕುಸಿತ. ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿ ನಿಂತಿರುವುದರಿಂದ, ಡಾಲರಿನ ಎದುರು ರೂಪಾಯಿ ಕುಸಿದಷ್ಟೂ ಒಂದು ದಿರ್ಹಮ್‌ಗೆ ಸಿಗುವ ರೂಪಾಯಿ ಹೆಚ್ಚುತ್ತದೆ. 2022ರ ಜುಲೈಯಲ್ಲಿ ಪೆಟ್ರೋಲು ಅತ್ಯಂತ ದುಬಾರಿಯಾಗಿದ್ದ ತಿಂಗಳಲ್ಲಿಯೇ ಡಾಲರಿನ ಬೆಲೆ ಮೊದಲ ಬಾರಿಗೆ 80 ರೂಪಾಯಿಯನ್ನು ಮುಟ್ಟಿತು. ಎಕ್ಸ್‌ಚೇಂಜ್ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಕಳುಹಿಸಿದ ದಿರ್ಹಮ್ ಕಡಿಮೆಯಾದರೂ ಮನೆಯವರ ಖಾತೆಗೆ ಬೀಳುವ ರೂಪಾಯಿ ಹಿಂದಿನಷ್ಟೇ ಇರುವುದರಿಂದ, ದುಡಿಯುವವನು ಅಲ್ಲಿ ಏನನ್ನು ಬಿಟ್ಟುಕೊಟ್ಟ ಎಂಬುದು ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ರೂಪಾಯಿ ಕೊಳ್ಳುವ ಸಿಮೆಂಟು, ಶಾಲಾ ಶುಲ್ಕ, ಔಷಧಿ ಅಷ್ಟರಲ್ಲಿ ಏರಿರುತ್ತವೆ. ರೂಪಾಯಿಯ ಅಪಮೌಲ್ಯದೊಂದಿಗೆ ಈ ನೆಲದ ನಂಟು ಹಳೆಯದು: 1966ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರಿಸರ್ವ್ ಬ್ಯಾಂಕು ಮುದ್ರಿಸುತ್ತಿದ್ದ ಗಲ್ಫ್ ರೂಪಾಯಿ, ಮತ್ತು ಆ ವರ್ಷ ಭಾರತ ರೂಪಾಯಿಯ ಬೆಲೆಯನ್ನು ಇಳಿಸಿದ್ದೇ ದುಬೈ ಬೇರೆ ನಾಣ್ಯಕ್ಕೆ ಬದಲಾಗಲು ಕಾರಣವಾಯಿತು. 2023–24ರಲ್ಲಿ ಭಾರತಕ್ಕೆ ವಿದೇಶದಿಂದ ಬಂದ ರವಾನೆಯ ಶೇ. 19.2 ಭಾಗ ಎಮಿರೇಟ್ಸ್‌ನಿಂದ ಬಂದಿತ್ತು ಎಂದು ರಿಸರ್ವ್ ಬ್ಯಾಂಕಿನ ಸಮೀಕ್ಷೆ ಹೇಳುತ್ತದೆ.

ಸಹಾಯ ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಪೌರರಿಗೂ ವಲಸಿಗರಿಗೂ ಸ್ಪಷ್ಟವಾದ ಗೆರೆಯಿದೆ. 2022ರ ಜುಲೈಯಲ್ಲಿ ಸರ್ಕಾರ ಕಡಿಮೆ ಆದಾಯದ ಎಮಿರಾಟಿ ಕುಟುಂಬಗಳಿಗಾಗಿ 28 ಶತಕೋಟಿ ದಿರ್ಹಮ್‌ಗಳ ಯೋಜನೆಯನ್ನು ಪ್ರಕಟಿಸಿ, ಪೆಟ್ರೋಲು 2.1 ದಿರ್ಹಮ್ ಮೀರಿದ ಮೇಲಿನ ಏರಿಕೆಯ ಶೇ. 85 ಭಾಗವನ್ನೂ ಆಹಾರದ ಬೆಲೆಯೇರಿಕೆಯ ಶೇ. 75 ಭಾಗವನ್ನೂ ತಾನೇ ಭರಿಸುವುದಾಗಿ ಹೇಳಿತು. ಇದು ಪೌರರಿಗೆ ಮಾತ್ರ. ವಲಸಿಗನಿಗೆ ತಲುಪುವುದು ದಾನದ ರೂಪದಲ್ಲಿ: ರಂಜಾನ್ ತಿಂಗಳ ಇಫ್ತಾರ್ ಡೇರೆಗಳು, ಮತ್ತು 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಬ್ರೆಡ್ ಫಾರ್ ಆಲ್’ ಯೋಜನೆಯಂಥವು. ಆ ಯೋಜನೆಯಲ್ಲಿ ಅಸ್ವಾಕ್ ಮಳಿಗೆಗಳ ಹೊರಗೆ ಇಟ್ಟ ಯಂತ್ರದ ಪರದೆಯನ್ನು ಒತ್ತಿದರೆ ಬಿಸಿ ರೊಟ್ಟಿ ಉಚಿತವಾಗಿ ಹೊರಬರುತ್ತದೆ. ಮೊದಲ ಯಂತ್ರಗಳನ್ನು ಇಟ್ಟ ಕಡೆಗಳಲ್ಲಿ ಅಲ್ ಕೂಜ್ ಕೂಡ ಒಂದು. ಕೈಚಾಚದೆ, ಯಾರ ಮುಖವನ್ನೂ ನೋಡದೆ ರೊಟ್ಟಿ ಪಡೆಯಬಹುದಾದ ಈ ಏರ್ಪಾಡಿನ ಹಿಂದೆ ಮಾನವನ್ನು ಉಳಿಸುವ ಕಾಳಜಿಯಿದೆ, ಅದನ್ನು ಮನಸಾರೆ ಮೆಚ್ಚಬೇಕು.

ಕನ್ನಡಿಗರ ಸಂಘಟನೆಗಳು ದುಬೈಯಲ್ಲಿ ಕಡಿಮೆಯೇನಿಲ್ಲ. ಕರ್ನಾಟಕ ಸಂಘಗಳು, ಬಂಟರ, ಬಿಲ್ಲವರ, ಬ್ಯಾರಿಗಳ ವೇದಿಕೆಗಳು, ಭಟ್ಕಳದ ಜಮಾತ್, ಮಕ್ಕಳಿಗೆ ಅಕ್ಷರ ಕಲಿಸುವ ಕನ್ನಡ ಪಾಠಶಾಲೆ ಹೀಗೆ ಹಲವಿವೆ. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ದಿನಸಿ ಕಿಟ್ ತಲುಪಿಸುವಲ್ಲಿ, 2020ರ ಮೇ 12ರಂದು ಮಂಗಳೂರಿಗೆ ಹಾರಿದ ಮೊದಲ ತೆರವು ವಿಮಾನದ ನಂತರ ಬಾಡಿಗೆ ವಿಮಾನಗಳನ್ನು ಗೊತ್ತುಮಾಡುವಲ್ಲಿ ಇವುಗಳು ಮಾಡಿದ ಕೆಲಸ ದೊಡ್ಡದು. ಆದರೂ ಆಪತ್ತು ಒಮ್ಮೆಲೇ ಬಂದಾಗ ಎಚ್ಚೆತ್ತುಕೊಳ್ಳುವ ಸಂಘಗಳು ತಿಂಗಳಿಗಿಷ್ಟರಂತೆ ಸವೆಸುವ ಬೆಲೆಯೇರಿಕೆಯನ್ನು ಆಪತ್ತೆಂದು ಗುರುತಿಸುವುದಿಲ್ಲ. ಅಂಥ ಸವೆತಕ್ಕೆ ರೂಮಿನವರೇ ಕಂಡುಕೊಂಡ ಉಪಾಯ ಚೀಟಿ: ಹತ್ತು ಜನ ತಿಂಗಳಿಗೆ 200 ದಿರ್ಹಮ್ ಹಾಕಿ, ಒಟ್ಟಾದ 2,000ವನ್ನು ಸರದಿಯಲ್ಲಿ ಒಬ್ಬೊಬ್ಬರು ಎತ್ತಿಕೊಳ್ಳುವುದು. ತಂಗಿಯ ಮದುವೆಯಿದ್ದವನಿಗೆ, ಟಿಕೆಟ್ ಕೊಳ್ಳಬೇಕಾದವನಿಗೆ ಸರದಿ ಬಿಟ್ಟುಕೊಡುವ ಔದಾರ್ಯವೇ ಇದರ ಬಂಡವಾಳ. ಒಬ್ಬನ ಕೆಲಸ ಹೋದರೆ ಇಡೀ ಸುತ್ತು ಕುಸಿಯುವುದು ಇದರ ದೌರ್ಬಲ್ಯ.

ವಸತಿಯ ವಿಷಯದಲ್ಲಿ ಕ್ಯಾಂಪಿನವರು ಒಂದು ಅರ್ಥದಲ್ಲಿ ಸುರಕ್ಷಿತರು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ಕಡಿಮೆ ವೇತನದವರಿಗೆ ಉಚಿತ ವಸತಿ ನೀಡಬೇಕೆಂದು 2016ರ ಸಚಿವಾಲಯದ ಆದೇಶ ವಿಧಿಸಿತು. ಚಿಕ್ಕ ಗ್ಯಾರೇಜಿನ ಮೆಕ್ಯಾನಿಕ್, ಕೆಫೆಟೇರಿಯಾದ ಹುಡುಗ, ಅಂಗಡಿಯ ಸೇಲ್ಸ್‌ಮನ್ ಈ ರಕ್ಷಣೆಯ ಹೊರಗಿದ್ದಾರೆ. ಇವರದು ಬೆಡ್‌ಸ್ಪೇಸ್ ಜೀವನ, ಎಂದರೆ ಕೋಣೆಯನ್ನಲ್ಲ, ಮಂಚವನ್ನು ಬಾಡಿಗೆಗೆ ಪಡೆಯುವುದು. ಬಾಡಿಗೆ ಏರಿದಂತೆ ಮರದ ಹಲಗೆ ಹೊಡೆದು ಒಂದೇ ಫ್ಲ್ಯಾಟನ್ನು ಹಲವು ಗೂಡುಗಳಾಗಿ ಮಾಡುವ ಪಾರ್ಟಿಷನ್ ಪದ್ಧತಿ ನಗರದಾದ್ಯಂತ ಬೆಳೆಯಿತು. ಬೆಂಕಿಯ ಅಪಾಯದ ಕಾರಣ ದುಬೈ ಪುರಸಭೆ 2025ರ ಜೂನ್‌ನಲ್ಲಿ ಸತ್ವಾ, ಅಲ್ ರಿಗ್ಗಾ, ಬರ್ಶಾ ಮುಂತಾದ ಕಡೆ ಇವುಗಳನ್ನು ತೆರವುಗೊಳಿಸಲು ಆರಂಭಿಸಿದಾಗ, ಅಲ್ಲಿದ್ದವರು ಇದ್ದ ಬದ್ದ ಮಂಚಗಳಿಗಾಗಿ ಹುಡುಕಾಡಬೇಕಾಯಿತು. ಸುರಕ್ಷತೆಯ ದೃಷ್ಟಿಯಿಂದ ಕ್ರಮ ಸರಿಯಾದುದೇ. ಅಗ್ಗದ ಪರ್ಯಾಯವನ್ನು ಮೊದಲು ಒದಗಿಸಿದ್ದರೆ ಅದು ನ್ಯಾಯವೂ ಆಗುತ್ತಿತ್ತು. ಸ್ವಲ್ಪ ಮೇಲಿನ ಸ್ತರದ, ಸಂಸಾರ ಹೂಡಿದ ಕನ್ನಡಿಗರ ಹೊಂದಾಣಿಕೆ ಬೇರೆ ರೀತಿಯದು. ಬಾಡಿಗೆಗೆ ಶಾಲಾ ಶುಲ್ಕವೂ ಸಾಲಿಕ್ ಎಂಬ ರಸ್ತೆ ಸುಂಕವೂ ಸೇರಿ ಸಂಬಳ ಸಾಲದಾದಾಗ, ಮಾರ್ಚ್ ಪರೀಕ್ಷೆ ಮುಗಿದ ಕೂಡಲೇ ಹೆಂಡತಿ ಮಕ್ಕಳು ಊರಿಗೆ ಮರಳುತ್ತಾರೆ, ಗಂಡ ಮತ್ತೆ ಬ್ಯಾಚಲರ್ ರೂಮಿಗೆ ಸೇರುತ್ತಾನೆ.

ಕೊನೆಗೆ ಉಳಿಯುವುದು ರಜೆ. ಶಾಲೆಗಳಿಗೆ ರಜೆಯಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಂಗಳೂರಿನ ಟಿಕೆಟ್ ದುಪ್ಪಟ್ಟಾಗುವುದು ಮಾಮೂಲು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದವನು ಮೂರನೆಯ ವರ್ಷಕ್ಕೆ ಮುಂದೂಡುತ್ತಾನೆ, ರಜೆಯ ಬದಲು ಹಣ ಪಡೆದು ಮನೆಯ ಸಾಲ ತೀರಿಸುತ್ತಾನೆ. ಬೆಲೆಯೇರಿಕೆಯ ಲೆಕ್ಕವನ್ನು ಮಕ್ಕಳು ಅಪ್ಪನನ್ನು ಕಾಣದ ತಿಂಗಳುಗಳಲ್ಲಿಯೂ ಎಣಿಸಬೇಕು. ಸೇವೆಯ ಕೊನೆಯಲ್ಲಿ ಸಿಗುವ ಗ್ರಾಚುಟಿಯ ಸ್ಥಿತಿಯೂ ಆಶಾದಾಯಕವಲ್ಲ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ನಂತರದ ವರ್ಷಗಳಿಗೆ 30 ದಿನದ ಮೂಲ ವೇತನದಂತೆ ಅದನ್ನು ಲೆಕ್ಕ ಹಾಕಲಾಗುತ್ತದೆ, ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಹತ್ತು ವರ್ಷ ಮೂಲ ವೇತನ ಕದಲದಿದ್ದರೆ, ಹತ್ತು ವರ್ಷಗಳ ಬೆಲೆಯೇರಿಕೆ ಆ ಮೊತ್ತವನ್ನು ತಿಂದುಹಾಕಿರುತ್ತದೆ.

ಕೇರಳ ಸರ್ಕಾರ ಅನಿವಾಸಿಗಳಿಗಾಗಿ 1996ರಲ್ಲಿಯೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. 2008ರ ಕಾಯ್ದೆಯಂತೆ ರಚಿತವಾದ ಅಲ್ಲಿನ ಪ್ರವಾಸಿ ಕಲ್ಯಾಣ ಮಂಡಳಿಗೆ ಕನಿಷ್ಠ ಐದು ವರ್ಷ ತಿಂಗಳ ವಂತಿಗೆ ಕಟ್ಟಿದ ಕಾರ್ಮಿಕನಿಗೆ 60 ವರ್ಷ ತುಂಬಿದ ಮೇಲೆ ಪಿಂಚಣಿ ದೊರೆಯುತ್ತದೆ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿಯಿದೆ, ಆದರೆ ಇಂಥ ವಂತಿಗೆ ಆಧಾರಿತ ಪಿಂಚಣಿಯ ಏರ್ಪಾಡಿಲ್ಲ. ಅಲ್ ಕೂಜ್‌ನ ಒಂದೇ ರೂಮಿನಲ್ಲಿ, ಒಂದೇ ಮೆಸ್ಸಿನಲ್ಲಿ ಉಣ್ಣುವ ಕಾಸರಗೋಡಿನ ಕನ್ನಡಿಗನಿಗೆ ಕೇರಳದವನೆಂಬ ಕಾರಣಕ್ಕೆ ಸಿಗುವ ಈ ಸೌಲಭ್ಯ, ತಲಪಾಡಿಯ ಗಡಿಯಿಂದ ಈಚೆಗಿನ ಉಳ್ಳಾಲದವನಿಗೆ ಸಿಗುವುದಿಲ್ಲ. ತಿಂಗಳಿಗೆ ಇಪ್ಪತ್ತು ದಿರ್ಹಮ್‌ನಷ್ಟು ವಂತಿಗೆ ಕಟ್ಟುವುದು ಮೆಸ್ ಲೆಕ್ಕ ಬರೆದು ರೂಢಿಯಿರುವ ಈ ಜನರಿಗೆ ಹೊರೆಯಾಗದು; ಆ ಹಣವನ್ನು ಕಟ್ಟಿಸಿಕೊಂಡು ಭದ್ರವಾಗಿಡುವ ಒಂದು ಮಂಡಳಿಯನ್ನು ಬೆಂಗಳೂರು ಸ್ಥಾಪಿಸಬೇಕು.